ಹಿಮವಿಲ್ಲದ ಊರಿನಲ್ಲಿ ಎಂಜಿನ್ನಿಗೆ ಚಳಿಗಾಲ

ಮೇ ತಿಂಗಳ ಕೊನೆಯ ವಾರ ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಬಂದರುಕಟ್ಟೆಯಲ್ಲಿ, ಒಂದು ಬೋಟಿನಿಂದ ಮತ್ತೊಂದಕ್ಕೆ ಕಾಲಿಟ್ಟುಕೊಂಡೇ ನೀರಿನ ಮೇಲೆ ಬಹಳ ದೂರ ನಡೆದುಹೋಗಬಹುದು. ಆಳಸಮುದ್ರದ ಬೋಟು, ಪರ್ಸೀನ್ ಬೋಟು, ಸಣ್ಣ ಟ್ರಾಲ್ ಬೋಟು ಎಲ್ಲವೂ ಒತ್ತಿಕೊಂಡು ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆಗಳು ಶೆಡ್ಡಿಗೆ ಹೋಗುತ್ತವೆ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಊರಿಗೆ ಹೋಗುತ್ತಾರೆ. ಎಂಜಿನ್ ಮಾತ್ರ ಇದ್ದಲ್ಲೇ ಇರುತ್ತದೆ.

ಅಂಥ ಒಂದು ವಾರದಲ್ಲಿ ನನ್ನ ಪರಿಚಯದ ಬೋಟ್ ಮಾಲೀಕರೊಬ್ಬರ ಮಗ ಎಂಜಿನ್ನಿನ ಕೈಪಿಡಿಯನ್ನು ಮೊಬೈಲಿನಲ್ಲಿ ತೆರೆದುಕೊಂಡು ಬಂದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. "ಅಣ್ಣ, ಚಳಿಗಾಲಕ್ಕೆ ಮುನ್ನ ಕೂಲಿಂಗ್ ವ್ಯವಸ್ಥೆಯನ್ನು ಹೇಗೆ ಸಿದ್ಧಪಡಿಸಬೇಕು ಎಂದು ಇದರಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ಚಳಿಗಾಲ ಎಲ್ಲಿದೆ?" ಎಂದು ಕೇಳಿದ. ಹಿಂದೆಯೇ ಬಂದ ಅವನ ಅಪ್ಪ, "ಅದೆಲ್ಲ ಐಸ್ ಬೀಳುವ ದೇಶದವರಿಗೆ ಮಾರಾಯ. ನೀನು ಕೀ ತೆಗೆದುಕೊಂಡು ಮನೆಗೆ ಬಾ" ಎಂದರು.

ಅಪ್ಪ ಹೇಳಿದ್ದರಲ್ಲಿ ಅರ್ಧ ಸರಿ. ಆ ಪುಟಗಳನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಮಂಜುಗಡ್ಡೆ. ಮಲ್ಪೆಯಲ್ಲಿ ಜನವರಿಯ ಬೆಳಗಿನ ಜಾವದಲ್ಲೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಕೀ ತೆಗೆದುಕೊಂಡು ಮನೆಗೆ ಹೋದ ಎಷ್ಟೋ ಬೋಟುಗಳ ಎಂಜಿನ್ನನ್ನು ಆಗಸ್ಟಿನಲ್ಲಿ ಬಿಚ್ಚಿದವನು ನಾನು. ನಮ್ಮ ಎಂಜಿನ್ನಿಗೂ ಒಂದು ಚಳಿಗಾಲವಿದೆ. ಅದು ಮಳೆಗಾಲದಲ್ಲಿ ಬರುತ್ತದೆ, ಬೇರೆ ಶತ್ರುವನ್ನು ಕರೆದುಕೊಂಡು ಬರುತ್ತದೆ. ಆ ಪುಟಗಳನ್ನು ಹರಿದು ಎಸೆದರೂ ಕಷ್ಟ, ಅಕ್ಷರಶಃ ಪಾಲಿಸಿದರೂ ಕಷ್ಟ.

ಐಸ್ ಏನು ಮಾಡುತ್ತದೆ

ಮೊದಲು ಅವರ ಕಷ್ಟವನ್ನು ನೋಡೋಣ. ನೀರು ತಣ್ಣಗಾಗುತ್ತ 4 ಡಿಗ್ರಿಯವರೆಗೆ ಕುಗ್ಗುತ್ತದೆ. ಅಲ್ಲಿಂದ ಕೆಳಗಿಳಿದರೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುತ್ತದೆ. ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಚಿನವರೆಗೆ ತುಂಬಿದ ಡಬ್ಬಿ ಏನಾಗುತ್ತದೆಂದು ಅವರು ನೋಡಿದ್ದಾರೆ. ಎಂಜಿನ್ನಿನ ದೇಹವಾದ ಬ್ಲಾಕ್ ಬೀಡು ಕಬ್ಬಿಣದ್ದು, ತಣಿಸುವ ನೀರು ಓಡುವ ಓಣಿಗಳು ಅದರೊಳಗೇ ಇವೆ. ಬೀಡನ್ನು ಎಷ್ಟು ಅದುಮಿದರೂ ತಾಳಿಕೊಳ್ಳುತ್ತದೆ, ಒಳಗಿನಿಂದ ಹಿಗ್ಗಿಸಿದರೆ ಮಡಕೆಯ ಹಾಗೆ ಸೀಳುತ್ತದೆ.

ಬ್ಲಾಕಿನ ಪಕ್ಕದಲ್ಲಿ ದೊಡ್ಡ ನಾಣ್ಯಗಳಂತೆ ಕಾಣುವ ದುಂಡು ತಗಡಿನ ಬಿರಡೆಗಳಿರುತ್ತವೆ. ಐಸ್ ಕಟ್ಟಿದಾಗ ಅವು ಹಾರಿ ಬ್ಲಾಕನ್ನು ಉಳಿಸುತ್ತವೆ ಎಂದು ಶೀತದೇಶಗಳಲ್ಲೂ ಹಲವರು ನಂಬಿದ್ದಾರೆ. ಅಸಲಿಗೆ ಎರಕ ಹೊಯ್ಯುವಾಗ ಒಳಗೆ ಕೂರಿಸಿದ್ದ ಮರಳಿನ ಅಚ್ಚನ್ನು ಹೊರತೆಗೆಯಲು ಬಿಟ್ಟ ತೂತುಗಳವು. ತೂತು ಮುಚ್ಚಲು ಬಿರಡೆ ಬಂತು, ಅಷ್ಟೆ. ಒಮ್ಮೊಮ್ಮೆ ಹಾರುತ್ತವೆ ನಿಜ. ಅವು ಹಾರುವ ಮೊದಲೇ ಬ್ಲಾಕ್ ಸೀಳಿರುವುದೂ ಉಂಟು. ಈ ಬಿರಡೆಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

"ಕಡಲ ನೀರು ಹೆಪ್ಪುಗಟ್ಟುವುದಿಲ್ಲವಲ್ಲ?" ಎಂದು ಹುಡುಗ ಕೇಳಿದ. ಹೆಪ್ಪುಗಟ್ಟುತ್ತದೆ, ಸ್ವಲ್ಪ ತಡವಾಗಿ. ಸಿಹಿನೀರಿಗೆ ಸೊನ್ನೆ ಡಿಗ್ರಿ ಸಾಕು, ಕಡಲ ನೀರಿಗೆ ಮೈನಸ್ 1.9 ಬೇಕು. ನಮ್ಮದೇ ದೇಶದ ಲಡಾಖಿನಲ್ಲಿ ಪ್ಯಾಂಗಾಂಗ್ ಸರೋವರದ ನೀರು ಉಪ್ಪುಪ್ಪು. ಆದರೂ ಚಳಿಗಾಲದಲ್ಲಿ ಅದರ ಮೇಲೆ ಜನ ನಡೆದಾಡುತ್ತಾರೆ.

ಹಾಗಾಗಿ ನಾರ್ವೆ, ಕೆನಡಾದಂಥ ಕಡೆ ಬೋಟನ್ನು ನಿಲ್ಲಿಸುವ ಮುನ್ನ ಎಂಜಿನ್ನಿನ ನೀರನ್ನೆಲ್ಲ ಇಳಿಸುತ್ತಾರೆ. ಮೂಲೆಯಲ್ಲಿ ಉಳಿದದ್ದು ಹೆಪ್ಪುಗಟ್ಟದಿರಲೆಂದು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಪಂಪಿನ ಬಾಯಿಗೆ ಕುಡಿಸುತ್ತಾರೆ. ಹಿಂದಿನ ಸೈಲೆನ್ಸರ್ ಪೈಪಿನಿಂದ ಗುಲಾಬಿ ಬಣ್ಣ ಬಂದರೆ ಕೆಲಸ ಮುಗಿಯಿತೆಂದು ಲೆಕ್ಕ. ಅಲ್ಲಿಯೂ ಮೋಸಹೋಗುವ ಜಾಗವಿದೆ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ (ಬಿಸಿಗೆ ತಾನಾಗಿ ತೆರೆದುಕೊಳ್ಳುವ ನೀರಿನ ಬಾಗಿಲು) ತೆರೆಯದಿದ್ದರೆ ಆ ಗುಲಾಬಿ ದ್ರವ ಬ್ಲಾಕಿನೊಳಗೆ ಹೋಗದೆ ಪಕ್ಕದ ಹಾದಿಯಲ್ಲಿ ಹರಿದು ಹೊರಗೆ ಬಂದುಬಿಡುತ್ತದೆ. ಬಣ್ಣ ಕಂಡ ಮಾಲೀಕ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ, ಬ್ಲಾಕಿನಲ್ಲಿ ಹಳೆಯ ನೀರು ಹಾಗೆಯೇ ಇರುತ್ತದೆ. ಥರ್ಮೋಸ್ಟಾಟಿನ ಈ ಆಟ ನಮಗೂ ಸಂಬಂಧಪಟ್ಟದ್ದು.

ಶೀತದೇಶದ ಪಾಠ ನಮ್ಮ ದಕ್ಕೆಗೆ ಬಂದದ್ದು ಆಕಸ್ಮಿಕವೇನಲ್ಲ. ಈ ಕರಾವಳಿಯ ಯಾಂತ್ರೀಕೃತ ಮೀನುಗಾರಿಕೆಯ ಬೇರುಗಳಲ್ಲಿ ಒಂದು ನಾರ್ವೆಯಲ್ಲಿದೆ. 1952ರ ಒಪ್ಪಂದದಂತೆ ನಾರ್ವೆಯ ನೆರವಿನಿಂದ ಕೇರಳದ ಕೊಲ್ಲಂ ಬಳಿಯ ನೀಂಡಕರದ ಕಡೆ ಎಂಜಿನ್ ಬೋಟುಗಳು ಬಂದವು. ಮುಂದೆ ಆ ಯೋಜನೆ ಕಾರವಾರಕ್ಕೂ ಬಂತು. ಎಂಜಿನ್ ಎಲ್ಲಿಂದ ಬರುತ್ತದೋ ಅದರ ಕೈಪಿಡಿಯೂ ಅಲ್ಲಿಯ ಹವೆಯನ್ನೇ ಹೊತ್ತು ತರುತ್ತದೆ.

ಉಪ್ಪಿನ ಭರಣಿ

ಈಗ ನಮ್ಮ ಕಷ್ಟ. ಮಳೆ ಬಿಡದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯ ಮುಚ್ಚಳ ತೆಗೆದು ನೋಡಿ. ಏಪ್ರಿಲಿನಲ್ಲಿ ಪುಡಿಪುಡಿಯಾಗಿದ್ದ ಉಪ್ಪು ಅಡಿಯಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ಯಾರೂ ನೀರು ಹಾಕಿದ್ದಲ್ಲ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದುಕೊಂಡು ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಕಡಿಮೆ ತೇವಾಂಶಕ್ಕೇ ಕರಗುತ್ತದೆ. ಜುಲೈ ತಿಂಗಳಲ್ಲಿ ಉಡುಪಿಯ ಗಾಳಿ ಈ ಗಡಿಯ ಮೇಲೆಯೇ ಇರುತ್ತದೆ.

ಎಂಜಿನ್ನಿನ ಒಳಗೂ ಹೀಗೆಯೇ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಕೂಲರ್, ಪೈಪುಗಳಲ್ಲಿ ಇಪ್ಪತ್ತು ಲೀಟರ್ ನೀರು ಉಳಿದರೆ 700 ಗ್ರಾಂ ಉಪ್ಪು ಒಳಗೆ ಉಳಿದಂತೆ. ನೀರನ್ನು ಇಳಿಸಿಬಿಟ್ಟರೂ ಗೋಡೆಗಳಿಗೆ ಅಂಟಿದ ಉಪ್ಪಿನ ಪದರ ಹೋಗುವುದಿಲ್ಲ. ಅದು ಎರಡು ತಿಂಗಳೂ ಒಣಗುವುದಿಲ್ಲ. ತೆಳ್ಳಗಿನ ಉಪ್ಪುನೀರಿನ ಪೊರೆ, ಅದರ ಮೇಲೆ ಬೇಕಾದಷ್ಟು ಗಾಳಿ: ಕಬ್ಬಿಣ ತುಕ್ಕು ಹಿಡಿಯಲು ಇದಕ್ಕಿಂತ ಒಳ್ಳೆಯ ಏರ್ಪಾಟು ಬೇರೆ ಇಲ್ಲ. ದಕ್ಕೆಯ ಹಳೆಯ ಕಬ್ಬಿಣದ ಕಂಬಗಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಸದಾ ನೀರಿನಡಿ ಇರುವ ಭಾಗ ಹೆಚ್ಚು ಸವೆದಿರುವುದಿಲ್ಲ. ಅಲೆ ಬಡಿದು ಹೋಗುವ, ಒಮ್ಮೆ ಒದ್ದೆಯಾಗಿ ಒಮ್ಮೆ ಗಾಳಿಗೆ ತೆರೆದುಕೊಳ್ಳುವ ಪಟ್ಟಿಯಲ್ಲೇ ಕಂಬ ಸೊರಗಿರುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಒಳ್ಳೆಯ ಕೂಲಂಟಿನಿಂದ (ಎಂಜಿನ್ ತಣಿಸುವ ನೀರಿಗೆ ಬೆರೆಸುವ, ತುಕ್ಕು ತಡೆಯುವ ದ್ರವ) ಪೂರ್ತಿ ತುಂಬಿದ ಬೀಡು ಉಳಿಯುತ್ತದೆ, ಪೂರ್ತಿ ಒಣಗಿದ ಬೀಡೂ ಉಳಿಯುತ್ತದೆ, ಅರ್ಧಂಬರ್ಧ ಒದ್ದೆಯಾದದ್ದು ಹಾಳಾಗುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ಲುಂಗಿ ಒಣಗಲು ಮೂರು ದಿನ ಬೇಕು. ಬ್ಲಾಕಿನ ಒಳಗಿನ ಓಣಿಗಳು ಒಣಗುವ ಮಾತೆಲ್ಲಿ ಬಂತು? ಐಸ್ ಭಯದಿಂದ ಖಾಲಿ ಮಾಡಿ ಬಿಡಿ ಎನ್ನುವ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ತುಕ್ಕಿಗೆ ಬಾಗಿಲು ತೆರೆದುಕೊಟ್ಟಂತೆ. ಆಗ ಹೇಳಿದ ತಗಡಿನ ಬಿರಡೆಗಳು ತೆಳ್ಳಗಿರುವುದರಿಂದ ಮೊದಲು ತೂತಾಗುವುದು ಅವೇ. ಅಲ್ಲಿ ಐಸ್‌ಗೆ ಹಾರುವ ಬಿರಡೆ ಇಲ್ಲಿ ತುಕ್ಕಿಗೆ ಸೋರುತ್ತದೆ.

ಯಾವ ನೀರು ಎಲ್ಲಿ ಓಡುತ್ತದೆ

ಕೆಲಸಕ್ಕೆ ಕೈಹಾಕುವ ಮುನ್ನ ನಿಮ್ಮ ಎಂಜಿನ್ ಯಾವ ಬಗೆಯದು ಎಂದು ತಿಳಿದಿರಬೇಕು. ಡೀಸೆಲ್ ಉರಿದಾಗ ಬರುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರೊಪೆಲ್ಲರ್ ತಿರುಗಿಸಲು ಹೋಗುತ್ತದೆ, ಇನ್ನೊಂದು ಪಾಲು ಹೊಗೆಯೊಂದಿಗೆ ಹೋಗುತ್ತದೆ, ಉಳಿದದ್ದನ್ನು ನೀರು ಹೊತ್ತೊಯ್ಯಬೇಕು. ಲಾರಿಯಲ್ಲಿ ರೇಡಿಯೇಟರಿಗೆ ಗಾಳಿ ಬಡಿದು ಆ ಕೆಲಸ ಆಗುತ್ತದೆ. ಬೋಟಿನಲ್ಲಿ ಅದನ್ನು ಕಡಲು ಮಾಡುತ್ತದೆ.

ಹಳೆಯ, ಸಣ್ಣ ಎಂಜಿನ್ನುಗಳಲ್ಲಿ ಕಡಲ ನೀರೇ ನೇರವಾಗಿ ಬ್ಲಾಕಿನೊಳಗೆ ಓಡುತ್ತದೆ. ಇವುಗಳ ಥರ್ಮೋಸ್ಟಾಟ್ 60 ಡಿಗ್ರಿಯ ಆಸುಪಾಸಿನಲ್ಲೇ ತೆರೆಯುವಂತೆ ಇಟ್ಟಿರುತ್ತಾರೆ, ಯಾಕೆಂದರೆ ಅದಕ್ಕಿಂತ ಬಿಸಿಯಾದರೆ ಕಡಲ ನೀರಿನ ಸುಣ್ಣದ ಅಂಶ ಗಟ್ಟಿಯಾಗಿ ಒಳಗೆ ಹರಳುಗಟ್ಟುತ್ತದೆ, ಬಿಸಿನೀರಿನ ಹಂಡೆಯ ಒಳಗೆ ಬಿಳಿ ಚಕ್ಕೆ ಕಟ್ಟುವ ಹಾಗೆ. ಈಗಿನ ಹೆಚ್ಚಿನ ಎಂಜಿನ್ನುಗಳಲ್ಲಿ ಎರಡು ಸುತ್ತುಗಳಿವೆ. ಒಳಸುತ್ತಿನಲ್ಲಿ ಕೂಲಂಟ್ ಬೆರೆತ ಸಿಹಿನೀರು ಬ್ಲಾಕನ್ನು ತಣಿಸುತ್ತದೆ. ಹೊರಸುತ್ತಿನಲ್ಲಿ ಕಡಲ ನೀರು ಕೂಲರಿನೊಳಗಿನ ಸಣ್ಣ ಸಣ್ಣ ತಾಮ್ರಮಿಶ್ರ ಲೋಹದ ನಳಿಗೆಗಳಲ್ಲಿ ಓಡಿ, ಆ ಸಿಹಿನೀರಿನ ಬಿಸಿಯನ್ನು ಹೀರಿ ಹೊರಗೆ ಹೋಗುತ್ತದೆ. ಎರಡೂ ನೀರು ಒಂದನ್ನೊಂದು ಮುಟ್ಟುವುದಿಲ್ಲ. ಮೂರನೆಯ ಬಗೆಯಲ್ಲಿ ಸಿಹಿನೀರಿನ ಪೈಪನ್ನೇ ಬೋಟಿನ ಹೊಟ್ಟೆಯ ಹೊರಗೆ, ಕಡಲಿನಲ್ಲಿ ಓಡಿಸಿರುತ್ತಾರೆ. ಇದಕ್ಕೆ ಕಡಲ ನೀರಿನ ಪಂಪಿನ ರಗಳೆ ಇಲ್ಲ. ಬೋಟನ್ನು ದಡಕ್ಕೆ ಎಳೆದಾಗ ಆ ಪೈಪುಗಳ ಮೇಲೆ ಬೆಳೆದ ಚಿಪ್ಪನ್ನು ಕೆರೆದು ತೆಗೆಯಬೇಕು, ಪೇಂಟನ್ನು ದಪ್ಪಗೆ ಬಳಿಯಬಾರದು.

ಕಡಲ ನೀರಿನ ಕಡೆ

ಎರಡು ತಿಂಗಳು ನಿಂತ ಬೋಟನ್ನು ಏನೂ ಮಾಡದೆ ಚಾಲೂ ಮಾಡಿದರೆ ಮೊದಲು ಬರುವುದು ಕೊಳೆತ ಮೊಟ್ಟೆಯ ವಾಸನೆ. ಪೈಪಿನೊಳಗೆ ಸಿಕ್ಕಿಕೊಂಡ ಪಾಚಿ, ಸಣ್ಣ ಜೀವಿಗಳು ಸತ್ತು ಕೊಳೆತು ಬಿಟ್ಟ ಹೈಡ್ರೋಜನ್ ಸಲ್ಫೈಡ್ ಅದು. ಮೂಗು ಮುಚ್ಚಿಕೊಂಡರೆ ತೀರುವ ವಿಷಯವಲ್ಲ. ಹರಿಯುವ ಶುದ್ಧ ಕಡಲ ನೀರಿನಲ್ಲಿ ಕೂಲರಿನ ನಳಿಗೆಗಳು ತಮ್ಮ ಮೇಲೆ ತಾವೇ ಒಂದು ರಕ್ಷಣೆಯ ಪೊರೆ ಕಟ್ಟಿಕೊಳ್ಳುತ್ತವೆ. ನಿಂತ, ಕೊಳೆತ ನೀರಿನ ಸಲ್ಫೈಡ್ ಆ ಪೊರೆಯನ್ನೇ ಕೆಡಿಸಿ ನಳಿಗೆಯನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ. ವಾಸನೆ ಬಂತೆಂದರೆ ತಿನ್ನುವ ಕೆಲಸ ಆಗಲೇ ನಡೆದಿದೆ.

ಆದ್ದರಿಂದ ಕೊನೆಯ ಪ್ರವಾಸದಿಂದ ಬಂದ ಒಂದೆರಡು ದಿನದೊಳಗೆ ಕಡಲ ನೀರಿನ ಸುತ್ತಿಗೆ ಸಿಹಿನೀರು ಕುಡಿಸಬೇಕು. ಮೊದಲು ಬೋಟಿನ ತಳದ ವಾಲ್ವನ್ನು ಮುಚ್ಚಿ. ಈ ಅನುಕ್ರಮ ತಪ್ಪಿದರೆ, ಪೈಪ್ ಬಿಚ್ಚಿದ ಕೂಡಲೇ ಹೊಳೆಯೇ ಬೋಟಿನೊಳಗೆ ಬರುತ್ತದೆ. ಅನಂತರ ಪಂಪಿಗೆ ಹೋಗುವ ಪೈಪನ್ನು ಬಿಚ್ಚಿ ಅದರ ತುದಿಯನ್ನು ಸಿಹಿನೀರು ತುಂಬಿದ 200 ಲೀಟರಿನ ಡ್ರಮ್ಮಿನಲ್ಲಿ ಮುಳುಗಿಸಿ. ಎಂಜಿನ್ ಚಾಲೂ ಮಾಡಿ ನಿಧಾನ ವೇಗದಲ್ಲೇ ಓಡಿಸಿ. ಡ್ರಮ್ಮಿಗೆ ನೀರು ತುಂಬಿಸುತ್ತಲೇ ಇರಲು ಇನ್ನೊಬ್ಬರು ಬೇಕು. ಪಂಪ್ ಎಳೆಯುವ ರಭಸಕ್ಕೆ ಮನೆಯ ನಲ್ಲಿ ಸರಿಗಟ್ಟುವುದಿಲ್ಲ. ಟ್ಯಾಂಕರ್ ತರಿಸಿದರೆ ಲೇಸು. ಡ್ರಮ್ ಖಾಲಿಯಾಗುವ ಮೊದಲೇ ಎಂಜಿನ್ ನಿಲ್ಲಿಸಬೇಕು.

ಕಡಲ ನೀರು ನೇರವಾಗಿ ಬ್ಲಾಕಿಗೆ ಹೋಗುವ ಎಂಜಿನ್ನಾದರೆ, ಮೊದಲು ಹೇಳಿದ ಥರ್ಮೋಸ್ಟಾಟಿನ ಆಟ ಇಲ್ಲಿ ಬರುತ್ತದೆ. ತಣ್ಣಗಿನ ಎಂಜಿನ್ನಿಗೆ ಐದು ನಿಮಿಷ ನೀರು ಕುಡಿಸಿದರೆ ಬ್ಲಾಕಿನ ಉಪ್ಪು ಕದಲುವುದೂ ಇಲ್ಲ. ಬ್ಲಾಕಿನ ಮೇಲೆ ಕೂತ ಹೆಡ್ಡಿನಿಂದ ಹೊರಡುವ ಪೈಪನ್ನು ಮುಟ್ಟಿ ನೋಡಿ. ಅದು ಬಿಸಿಯಾದ ಮೇಲೆ ಹತ್ತು ಹದಿನೈದು ನಿಮಿಷ ಓಡಿಸಿದರೆ ಮಾತ್ರ ಒಳಗೆ ತೊಳೆದಂತೆ. ಎರಡು ಸುತ್ತಿನ ಎಂಜಿನ್ನಿನಲ್ಲಿ ಕಡಲ ನೀರಿನ ಸುತ್ತಿಗೆ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇರುವುದಿಲ್ಲ, ಆ ಚಿಂತೆ ಬೇಡ.

ಒಂದು ಜಾಣತನವನ್ನು ಮಾತ್ರ ಮಾಡಬೇಡಿ. ಎಂಜಿನ್ ನಿಂತಿರುವಾಗ ಪಂಪ್‌ಸೆಟ್ಟಿನ ಹೋಸ್ ಪೈಪನ್ನು ನೇರವಾಗಿ ಸಿಕ್ಕಿಸಿ ಒತ್ತಡದಿಂದ ನೀರು ಬಿಡುವವರಿದ್ದಾರೆ. ಕಡಲ ನೀರು ಸೈಲೆನ್ಸರಿಗೆ ಸೇರಿ ಹೊಗೆಯೊಂದಿಗೆ ಹೊರಹೋಗುವ ಬಗೆಯ ಎಂಜಿನ್ನಾದರೆ, ಹೊಗೆಯ ಒತ್ತಡವಿಲ್ಲದ್ದರಿಂದ ನೀರು ಸೈಲೆನ್ಸರ್ ತುಂಬಿ ಹಿಂದಕ್ಕೆ ಸಿಲಿಂಡರಿಗೆ ಇಳಿಯುತ್ತದೆ. ಆಮೇಲೆ ಆಗುವ ಖರ್ಚಿಗೆ ಹೋಲಿಸಿದರೆ ಟ್ಯಾಂಕರಿನ ಬಾಡಿಗೆ ಏನೂ ಅಲ್ಲ. ಜುಲೈಯಲ್ಲಿ ಹೊಳೆಯ ನೀರೇ ಸಿಹಿಯಾಗಿದೆ, ಅದನ್ನೇ ಎಳೆಸಿದರಾಯಿತು ಎನ್ನುವವರೂ ಉಂಟು. ಸಿಹಿ ನಿಜ, ಆದರೆ ಘಟ್ಟದ ಕೆಳಗಿನ ಕೆಂಪು ಮಣ್ಣೆಲ್ಲ ಅದರಲ್ಲಿರುತ್ತದೆ. ಉಪ್ಪು ತೆಗೆಯಲು ಹೋಗಿ ಕೆಸರು ತುಂಬಿಸಿಕೊಂಡಂತೆ.

ಸಿಹಿನೀರಿಗೆ ಉಪ್ಪು ಕರಗುತ್ತದೆ, ಸುಣ್ಣದ ಚಕ್ಕೆ ಕರಗುವುದಿಲ್ಲ. ಅದಕ್ಕೆ ಸಿಟ್ರಿಕ್ ಆಮ್ಲದಂಥ ಮೆದು ಆಮ್ಲ ಸಾಕು. ಶೌಚಾಲಯ ತೊಳೆಯುವ ಆಸಿಡ್ ಹಾಕಿ ಕೂಲರನ್ನು "ಹೊಸದರ ಹಾಗೆ" ಮಾಡಿದವರ ಕೂಲರ್ ಒಳಗಿನಿಂದ ತೆಳ್ಳಗಾಗಿರುತ್ತದೆ. ಏನೇ ಹಾಕುವುದಿದ್ದರೂ ಮೊದಲು ಕೂಲರಿನ ಜಿಂಕ್ ಕಡ್ಡಿ (ಅದರ ವಿಷಯ ಮುಂದೆ ಬರುತ್ತದೆ) ಬಿಚ್ಚಿಡಿ, ಕೊನೆಗೆ ಚೆನ್ನಾಗಿ ತೊಳೆಯಿರಿ.

ತೊಳೆದಾದ ಮೇಲೆ ಪಂಪಿನ ಮುಚ್ಚಳ ತೆಗೆಯುವುದು ನನಗೆ ಇಷ್ಟದ ಕೆಲಸ. ಸುತ್ತಲಿನ ಸ್ಕ್ರೂಗಳನ್ನು ಬಿಚ್ಚಿದರೆ ಹಿತ್ತಾಳೆಯ ಮುಚ್ಚಳ ಬರುತ್ತದೆ. ಒಳಗೆ ಕರಿ ರಬ್ಬರಿನ ಹೂವಿನಂತೆ ಇಂಪೆಲ್ಲರ್ ಕೂತಿರುತ್ತದೆ. ದಳಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ. ಪಂಪಿನ ಗೂಡು ಪೂರ್ತಿ ದುಂಡಗಿಲ್ಲ, ಒಂದು ಕಡೆ ಉಬ್ಬಿದೆ. ಅಲ್ಲಿಗೆ ಬಂದಾಗ ದಳ ಮಡಚಿಕೊಳ್ಳುತ್ತದೆ, ದಾಟಿದಾಗ ಬಿಡಿಸಿಕೊಳ್ಳುತ್ತದೆ. ಆ ಮಡಚುವ ಬಿಡಿಸುವ ಆಟದಿಂದಲೇ ನೀರು ಎಳೆಯಲ್ಪಡುತ್ತದೆ. ಎಂಜಿನ್ ನಿಂತಾಗ ಒಂದೆರಡು ದಳಗಳು ಆ ಉಬ್ಬಿಗೆ ಒತ್ತಿಕೊಂಡೇ ನಿಲ್ಲುತ್ತವೆ. ಎರಡು ತಿಂಗಳು ಹಾಗೆ ಮಡಚಿ ಕೂತ ರಬ್ಬರ್ ಮತ್ತೆ ನೆಟ್ಟಗಾಗುವುದಿಲ್ಲ, ಬುಡದಲ್ಲಿ ಬಿರುಕು ಬಿಡುತ್ತದೆ. ಉಗುರಿನಿಂದ ದಳವನ್ನು ಹಿಂದಕ್ಕೆ ಬಾಗಿಸಿ ನೋಡಿದರೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಆದ್ದರಿಂದ ಇಂಪೆಲ್ಲರನ್ನು ಹೊರಗೆ ತೆಗೆದು, ತೊಳೆದು, ಎಣ್ಣೆ ಸೋಕದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮರಳಿ ಹಾಕುವಾಗ ಗ್ರೀಸ್ ಬೇಡ, ಗ್ಲಿಸರಿನ್ ಅಥವಾ ಸಾಬೂನು ನೀರು ಸಾಕು.

ಕೆಲವು ವರ್ಷಗಳ ಹಿಂದೆ ಆಗಸ್ಟ್ ಮೊದಲ ವಾರದಲ್ಲೇ ಬಿಸಿಯೇರಿ ಮರಳಿದ ಬೋಟೊಂದಕ್ಕೆ ನನ್ನನ್ನು ಕರೆದರು. ಇಂಪೆಲ್ಲರಿನ ಎರಡು ದಳ ಮಾಯ. ಬೋಟು ನಡೆಸುವ ತಾಂಡೇಲರು, "ಹೊಸತು ಹಾಕು ಮಾರಾಯ, ಇವತ್ತೇ ಹೊರಡಬೇಕು" ಎಂದರು. ಹೊಸತು ಹಾಕಿದೆ. ಒಂದು ತುಂಡನ್ನು ಪೈಪಿನ ಬಾಗಿನಲ್ಲಿ ಹುಡುಕಿ ತೆಗೆದಿದ್ದೆ, ಇನ್ನೊಂದು ಹೊರಗೆ ಹೋಗಿರಬಹುದೆಂದು ಬಿಟ್ಟೆ. ನಾಲ್ಕು ದಿನಕ್ಕೆ ಬೋಟು ಮತ್ತೆ ಬಿಸಿಯೇರಿ ಬಂತು. ಆ ತುಂಡು ಕೂಲರಿನ ನಳಿಗೆಗಳ ಬಾಯಿಗೆ ಅಡ್ಡ ಕೂತಿತ್ತು, ಅದರ ಹಿಂದೆ ಪಾಚಿ, ಚಿಪ್ಪು, ಬಲೆಯ ದಾರದ ಚೂರುಗಳು ಸೇರಿ ಗೋಡೆ ಕಟ್ಟಿದ್ದವು. ತಪ್ಪು ನನ್ನದೇ. ಅಂದಿನಿಂದ ಮುರಿದ ದಳಗಳನ್ನು ಮೇಜಿನ ಮೇಲೆ ಜೋಡಿಸಿ ಎಣಿಕೆ ಸರಿಯಾಗುವವರೆಗೆ ಮುಚ್ಚಳ ಹಾಕುವುದಿಲ್ಲ.

ಜಿಂಕ್ ವಿಷಯ. ಕೂಲರಿನಲ್ಲಿ ಹಿತ್ತಾಳೆ ತಲೆಯ ಬೋಲ್ಟಿಗೆ ಸೇರಿಸಿದ ಪೆನ್ಸಿಲಿನಂಥ ಸತುವಿನ ಕಡ್ಡಿ ಇರುತ್ತದೆ. ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಜೊತೆಯಾದರೆ ಅವುಗಳಲ್ಲಿ ಒಂದು ಸವೆಯಲೇಬೇಕು. ಸತು ತಾನು ಸವೆದು ಕೂಲರನ್ನು ಕಾಯುತ್ತದೆ. ಅರ್ಧ ಸವೆದಿದ್ದರೆ ಬದಲಿಸಿ. ಸೋರದಿರಲೆಂದು ಬೋಲ್ಟಿಗೆ ಟೇಪನ್ನು ದಪ್ಪಗೆ ಸುತ್ತಬೇಡಿ, ಲೋಹಕ್ಕೆ ಲೋಹ ತಾಗದಿದ್ದರೆ ಜಿಂಕ್ ಇದ್ದೂ ಇಲ್ಲದಂತೆ. ಬೋಟಿನ ಹೊಟ್ಟೆಯ ಹೊರಗಿನ ಜಿಂಕಿಗೆ ನಮ್ಮ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಇದೆ. ಹೊಳೆ ತುಂಬಿ ದಕ್ಕೆಯ ನೀರು ಸಿಹಿಯಾದಾಗ ಸತುವಿನ ಮೇಲೆ ಗಟ್ಟಿ ಬಿಳಿ ಪೊರೆ ಕಟ್ಟುತ್ತದೆ. ಮತ್ತೆ ಕಡಲಿಗೆ ಹೋದರೂ ಅದು ಎಚ್ಚರಗೊಳ್ಳದೆ ಇರಬಹುದು. ಆಗಸ್ಟಿಗೆ ಮುನ್ನ ತಂತಿ ಬ್ರಷ್ಷಿನಿಂದ ಒಮ್ಮೆ ಉಜ್ಜಿ.

ಇಷ್ಟಾದ ಮೇಲೆ ಎರಡು ಸುತ್ತಿನ ಎಂಜಿನ್ನಾದರೆ ಕಡಲ ನೀರಿನ ಕಡೆಯನ್ನು ಪೂರ್ತಿ ಇಳಿಸಿ ಬಿಡಬಹುದು. ಅಲ್ಲಿರುವುದು ಹೆಚ್ಚಾಗಿ ತಾಮ್ರದ ಕುಲದ ಲೋಹಗಳು. ಉಪ್ಪು ಹೋಗಿದ್ದರೆ ಬರೀ ತೇವಕ್ಕೆ ಅವು ಹೆದರುವುದಿಲ್ಲ. ಕೂಲರಿನ ಮುಚ್ಚಳ ತೆಗೆದು ನಳಿಗೆಗಳನ್ನು ಬಿದಿರಿನ ಕಡ್ಡಿಯಿಂದ ತಳ್ಳಿ ಸ್ವಚ್ಛಮಾಡಿ, ಕಬ್ಬಿಣದ ಸಲಾಕೆ ತರಬೇಡಿ. ಕಡಲ ನೀರೇ ಬ್ಲಾಕಿಗೆ ಹೋಗುವ ಎಂಜಿನ್ನಿನ ವಿಷಯ ಬೇರೆ. ಅದರ ಒಳಗೆಲ್ಲ ಬೀಡು. ಅದಕ್ಕೆ ನಾರ್ವೆಯವರ ಪಾಠವನ್ನೇ ಮಾಡಿ: ಸಿಹಿನೀರಿನಿಂದ ತೊಳೆದ ಮೇಲೆ, ಇಂಪೆಲ್ಲರ್ ಬಿಚ್ಚುವ ಮುನ್ನ, ಎಂಜಿನ್ ಬಿಸಿ ಇರುವಾಗಲೇ ಪಂಪಿನ ಬಾಯಿಗೆ ಪ್ರೊಪಿಲೀನ್ ಗ್ಲೈಕಾಲಿನ ಕೂಲಂಟ್ ಮಿಶ್ರಣ ಕೊಡಿ, ಹಿಂದಿನಿಂದ ಬಣ್ಣ ಬಂದ ಕೂಡಲೇ ನಿಲ್ಲಿಸಿ. ಹೊರಬಂದದ್ದನ್ನು ಬಕೆಟಿನಲ್ಲಿ ಹಿಡಿಯಿರಿ. ಅವರಿಗೆ ಬೇಕಾದದ್ದು ಹೆಪ್ಪುಗಟ್ಟದ ಗುಣ, ನಮಗೆ ಬೇಕಾದದ್ದು ಅದರಲ್ಲಿ ಬೆರೆತ ತುಕ್ಕುನಿರೋಧಕ. ಕೊಳ್ಳುವಾಗ ಡಬ್ಬಿಯಲ್ಲಿ ತುಕ್ಕುನಿರೋಧಕ ಇದೆಯೇ ಎಂದು ಓದಿ ನೋಡಿ.

ಒಳಸುತ್ತು

ಒಳಸುತ್ತನ್ನು ಖಾಲಿ ಬಿಡಲೇಬೇಡಿ. ಹಳೆಯ ಕೂಲಂಟ್ ತೆಗೆದು, ತೊಳೆದು, ಹೊಸತನ್ನು ಕುತ್ತಿಗೆಯವರೆಗೆ ತುಂಬಿ, ಎಂಜಿನ್ ಒಮ್ಮೆ ಬಿಸಿಮಾಡಿ ಗಾಳಿಗುಳ್ಳೆಗಳೆಲ್ಲ ಹೋದ ಮೇಲೆ ಮತ್ತೆ ತುಂಬಿ. ಇದನ್ನು ತೊಳೆಯುವ ದಿನವೇ, ಕಡಲ ನೀರಿನ ಪಂಪ್ ಬಿಚ್ಚುವ ಮೊದಲೇ ಮಾಡಿಕೊಂಡರೆ ಎರಡು ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

"ನಮ್ಮಲ್ಲಿ ಐಸ್ ಇಲ್ಲ, ಹಾಗಾದರೆ ಕೂಲಂಟ್ ಯಾಕೆ, ಬಾವಿ ನೀರು ಸಾಲದೆ?" ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧರ್ಧ ಬೆರೆತರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಅದು ನಮಗೆ ಬೇಡದ ವರ. ಆದರೆ ಅದೇ ಮಿಶ್ರಣ ಕುದಿಯುವುದು 107 ಡಿಗ್ರಿಯ ಆಸುಪಾಸಿನಲ್ಲಿ, ಕೂಲಂಟ್ ತುಂಬುವ ಬಾಯಿಯ ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಬಲೆ ಎಳೆಯುವಾಗ ತಿಣುಕುವ ಎಂಜಿನ್ನಿಗೆ ಅದು ಬೇಕು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಬೀಡು, ಅಲ್ಯೂಮಿನಿಯಂ, ಬೆಸುಗೆ ಇವೆಲ್ಲವನ್ನೂ ಕಾಯುವ ನಿರೋಧಕಗಳು. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಬರೀ ಗ್ಲೈಕಾಲ್ ನೀರಿನಷ್ಟು ಬಿಸಿಯನ್ನು ಹೊರುವುದಿಲ್ಲ. ತಮಾಷೆಯೆಂದರೆ ಅದು ಮೈನಸ್ 13ಕ್ಕೇ ಹೆಪ್ಪುಗಟ್ಟುತ್ತದೆ. ನೀರು ಬೆರೆತರೇ ಅದಕ್ಕೆ ಬಲ.

ಆ ನೀರು ಡಿಸ್ಟಿಲ್ಡ್ ಆಗಿರಲಿ, ಬ್ಯಾಟರಿಗೆ ಹಾಕುತ್ತೇವಲ್ಲ ಅದು. ಕಡಲ ದಡದ ಬಾವಿಗಳು ಮೇ ತಿಂಗಳಿಗೆ ಸಾಮಾನ್ಯವಾಗಿ ಉಪ್ಪಾಗಿರುತ್ತವೆ. ಉಪ್ಪು ಹೊರಹಾಕಲು ಇಷ್ಟೆಲ್ಲ ಮಾಡಿ ಬಾವಿಯಿಂದ ಮತ್ತೆ ಒಳಗೆ ಸುರಿಯುವುದೇ? ಹಳೆಯ ಬಗೆಯ ಕೂಲಂಟಿನ ನಿರೋಧಕ ಸುಮಾರು ಎರಡು ವರ್ಷಕ್ಕೆ ಸೋಲುತ್ತದೆ, ಸಾವಯವ ಆಮ್ಲದ ಹೊಸ ಬಗೆಯದು ಸುಮಾರು ಐದು ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದರೆ ಒಳಗೆ ಲೋಳೆಗಟ್ಟಬಹುದು. ಬಣ್ಣ ನೋಡಿ ಗುರುತಿಸುತ್ತೇನೆ ಎನ್ನಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಒಮ್ಮೆ ನಾನೇ ಅಂಗಡಿಯೊಂದರಿಂದ ಅಗ್ಗಕ್ಕೆ ಸಿಕ್ಕಿತೆಂದು ಹಚ್ಚಹಸಿರು ಡಬ್ಬಿ ತಂದು ಹಾಕಿದ್ದೆ. ಎರಡು ತಿಂಗಳಲ್ಲಿ ಅದು ಚಹಾದ ಬಣ್ಣಕ್ಕೆ ತಿರುಗಿತ್ತು. ಡಬ್ಬಿಯಲ್ಲಿ ಇದ್ದದ್ದು ಬಣ್ಣದ ನೀರು.

ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮೂತ್ರಪಿಂಡಗಳನ್ನು ಕೆಡಿಸುವ ವಿಷ ಅದು. ತೆಗೆದ ಹಳೆಯ ಕೂಲಂಟನ್ನು ತೆರೆದ ಬಕೆಟಿನಲ್ಲಿ ಬಿಟ್ಟುಹೋದರೆ ದಕ್ಕೆಯ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಮುಚ್ಚಿಡಿ, ಹೊಳೆಗೆ ಸುರಿಯಬೇಡಿ.

ನಾಡದೋಣಿಯವರ ಲೆಕ್ಕ ತಿರುಗುಮುರುಗು. 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಇರುವುದರಿಂದ ಅವರಿಗೆ ಮಳೆಗಾಲವೇ ದುಡಿಮೆಯ ಕಾಲ, ಎಂಜಿನ್ ವಿಶ್ರಾಂತಿ ಪಡೆಯುವುದು ಆಮೇಲೆ. ಹೊರಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನ ಕೆಲಸ ಸುಲಭ. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ನಿನ ಕಾಲನ್ನು, ಅಂದರೆ ಪ್ರೊಪೆಲ್ಲರ್ ಇರುವ ಕೆಳಭಾಗವನ್ನು, ಇಳಿಸಿ ಹತ್ತು ನಿಮಿಷ ಓಡಿಸಿ, ಪಕ್ಕದಿಂದ ಚಿಮ್ಮುವ ಸಣ್ಣ ನೀರಿನ ಎಳೆ ಬಲವಾಗಿದೆಯೇ ನೋಡಿ. ಆಮೇಲೆ ನೆಟ್ಟಗೆ ನಿಲ್ಲಿಸಿಟ್ಟರೆ ಒಳಗಿನ ನೀರು ತಾನಾಗಿ ಇಳಿದುಹೋಗುತ್ತದೆ. ಮನೆಯ ಜಗಲಿಯಲ್ಲಿ ಅಡ್ಡ ಮಲಗಿಸಿಡುವ ಅಭ್ಯಾಸವೇ ಕೇಡು.

ಕೀ ಎಲ್ಲಿಡಬೇಕು

ಕೊನೆಯಲ್ಲಿ ತಳದ ವಾಲ್ವ್ ಮುಚ್ಚಿರುತ್ತದೆ, ಇಂಪೆಲ್ಲರ್ ಚೀಲದಲ್ಲಿರುತ್ತದೆ, ಮಳೆ ಮತ್ತು ಅಲೆಯ ನೀರು ಹೋಗದಂತೆ ಸೈಲೆನ್ಸರಿನ ಬಾಯಿಗೆ ಮರದ ಬಿರಡೆ ಬಡಿದಿರುತ್ತೀರಿ. ಎರಡು ತಿಂಗಳ ಮೇಲೆ ಇದರಲ್ಲಿ ಒಂದನ್ನು ಮರೆತು ಚಾಲೂ ಮಾಡಿದರೆ ಮಾಡಿದ್ದೆಲ್ಲ ನೀರುಪಾಲು. ಒಣಗಿ ಓಡುವ ಇಂಪೆಲ್ಲರ್ ಒಂದು ನಿಮಿಷದ ಆಸುಪಾಸಿನಲ್ಲೇ ಸುಟ್ಟು ಹೋಗಬಹುದು. ಇದಕ್ಕೆ ನಾನು ಕಂಡುಕೊಂಡ ಉಪಾಯ: ಎಂಜಿನ್ನಿನ ಕೀಯನ್ನು ವಾಲ್ವಿನ ಹಿಡಿಗೆ ಕಟ್ಟಿ, ಬಿರಡೆ ಮತ್ತು ಇಂಪೆಲ್ಲರ್ ಎಂದು ಬರೆದ ಚೀಟಿಯನ್ನೂ ಅದರೊಟ್ಟಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು. ಕೀ ಬೇಕಾದವನು ವಾಲ್ವಿನ ಹತ್ತಿರ ಬಗ್ಗಲೇಬೇಕು.

ಮರಳಿ ಚಾಲೂ ಮಾಡಿದ ದಿನ ವೀಲ್‌ಹೌಸಿನಲ್ಲಿ ಕೂರಬೇಡಿ, ಹಿಂಬದಿಗೆ ಹೋಗಿ ನಿಲ್ಲಿ. ಒಂದು ನಿಮಿಷದೊಳಗೆ ನೀರು ಬರದಿದ್ದರೆ ಎಂಜಿನ್ ನಿಲ್ಲಿಸಿ ಕಾರಣ ಹುಡುಕಿ. ಎರಡು ತಿಂಗಳಲ್ಲಿ ತಳದ ವಾಲ್ವಿನ ಬಾಯಿಗೆ ಬಾರ್ನಕಲ್‌ನಂಥ ಚಿಪ್ಪುಜೀವಿಗಳು ಮನೆ ಕಟ್ಟಿರಬಹುದು.

ಆ ಹುಡುಗ ಕೈಪಿಡಿ ಮುಚ್ಚಿ ನನ್ನೊಂದಿಗೆ ಎರಡು ದಿನ ಕೆಲಸ ಮಾಡಿದ, ಕೀಯನ್ನೂ ತಾನೇ ಕಟ್ಟಿದ. ಜುಲೈ ಕೊನೆಗೆ ಅವನು ಕಾಲೇಜಿಗೆ ಹೋಗಿದ್ದಾಗ ಅವನ ಅಪ್ಪ ಕೀ ಹುಡುಕುತ್ತ ನನಗೆ ಮೂರು ಸಲ ಫೋನ್ ಮಾಡಿದರು. ಎಲ್ಲಿದೆ ಎಂದು ಹೇಳಿದೆ. ಎಂಜಿನ್ ರೂಮಿಗೆ ಇಳಿದ ಸದ್ದು, ಟಾರ್ಚ್ ಒತ್ತಿದ ಸದ್ದು, ಸ್ವಲ್ಪ ಹೊತ್ತು ಮೌನ. ಆಮೇಲೆ, "ಇಂಪೆಲ್ಲರ್ ಎಲ್ಲಿಟ್ಟಿದ್ದಾನೆ ಆ ಹುಡುಗ?" ಎಂದು ಕೇಳಿದರು.